ಹದಿಮೂರ್ ಏಳ್ಲೆ ತೊಂಬತ್ತು

ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಹಾಕುವವರು ಯಾವ ಊರಿನವರೋ ಗೊತ್ತಿಲ್ಲ, ಬಾಗಲಕೋಟೆಯವರಂತೂ ಅಲ್ಲ. ಈ ಊರಿನವರಾಗಿದ್ದರೆ ಹೋಳಿಯ ಬಣ್ಣದ ಮೂರು ದಿನ ರಜೆ ಕೊಟ್ಟು, ಮರುದಿನ ಬೆಳಿಗ್ಗೇನೇ ಗಣಿತ ಇಡುತ್ತಿರಲಿಲ್ಲ. ಸಮಾಜ ವಿಜ್ಞಾನ ಇಟ್ಟಿದ್ದರೆ ಹುಡುಗ ಏನಾದರೂ ಬರೆದು ಬರುತ್ತಿದ್ದ. ಗಣಿತದಲ್ಲಿ ಏನಾದರೂ ಬರೆಯೋಕೆ ಆಗುತ್ತಾ?

ಬೇರೆ ಊರುಗಳಲ್ಲಿ ಹೋಳಿ ಅಂದರೆ ಒಂದು ಮಧ್ಯಾಹ್ನದ ಕೆಲಸ. ನಮ್ಮಲ್ಲಿ ಶಿವರಾತ್ರಿ ಮುಗಿಯೋದೇ ತಡ, ಹಲಗಿ ವಾದ್ಯದ ಬಡಿತ ಶುರು. ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಹೊಸಪೇಟೆ, ಒಂದೊಂದು ಓಣಿಗೂ ಒಂದೊಂದು ಗತ್ತು. ಇಲ್ಲಿ ಬಣ್ಣಕ್ಕೆ ಪಿಚಕಾರಿ ಎಲ್ಲಿ ಸಾಲುತ್ತೆ? ಮೊದಲು ಎತ್ತಿನ ಬಂಡಿಯಲ್ಲಿ ಬ್ಯಾರಲ್ ಬರುತ್ತಿದ್ದವು, ಈಗ ಟ್ರ್ಯಾಕ್ಟರಿನಲ್ಲಿ. ನಾವಿರೋದು ನವನಗರದಲ್ಲಿ. ಹಳೇ ಊರಿನ ಗದ್ದಲ ಇಲ್ಲಿಗೆ ಅಷ್ಟಾಗಿ ಕೇಳಲ್ಲ, ಮಗ ಶಾಂತವಾಗಿ ಕೂತು ಓದಬಹುದು ಅಂತ ಯಾರಾದರೂ ಅಂದುಕೊಂಡಾರು. ಅವರಿಗೆ ನಮ್ಮ ಮಾವನವರು ಗೊತ್ತಿಲ್ಲ ಅಷ್ಟೇ.

ಮಾವನವರು ಹಳಪೇಟೆಯ ಹುಡುಗ. ವಯಸ್ಸು ಎಪ್ಪತ್ತು ದಾಟಿದೆ, ಆದರೂ ಹುಡುಗನೇ. ಅವರ ಹಲಗಿಯ ಚರ್ಮವನ್ನು ಇಲಿ ಕಡಿದು ವರ್ಷಗಳಾದವು. ಮನಸ್ಸಿನಲ್ಲೇ ಆ ಇಲಿಗೆ ನಾನು ಕೈಮುಗಿದಿದ್ದೆ. ಏನು ಬಂತು? ಈಗ ಕೈಗೆ ಸಿಕ್ಕಿದ್ದೆಲ್ಲ ಹಲಗಿ. ಚಹಾ ಕುಡಿದಿಟ್ಟ ಬಸಿ, ಕಿಟಕಿಯ ಕಟ್ಟೆ, ಟಿವಿ ರಿಮೋಟು, ಒಮ್ಮೊಮ್ಮೆ ಪಕ್ಕದಲ್ಲಿ ಕೂತ ನಮ್ಮ ಯಜಮಾನರ ಬೆನ್ನು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಜೋಳದ ಹಿಟ್ಟಿನ ಡಬ್ಬಿ. ತುಂಬಿದ್ದರೆ "ಸದ್ದು ಸತ್ತೈತಿ" ಅಂತ ಪಕ್ಕಕ್ಕೆ ಸರಿಸುತ್ತಾರೆ. ಅರ್ಧ ಆದ ಮೇಲೆ ಅವರ ಮುಖ ಅರಳುತ್ತದೆ. ಮೊನ್ನೆ ಪಡಸಾಲೆಯಿಂದಲೇ ಕೂಗಿದರು, "ಯವ್ವಾ, ಹಿಟ್ಟು ಮುಗಿಯಾಕ ಬಂದೈತಿ, ಗಿರಣಿಗೆ ಕಳಸು." ಮುಚ್ಚಳ ತೆಗೆದೇ ಇಲ್ಲ. ಹೋಗಿ ನೋಡಿದರೆ ಎರಡು ರೊಟ್ಟಿಗಾಗುವಷ್ಟು ಹಿಟ್ಟು ಉಳಿದಿತ್ತು.

ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಮೊಮ್ಮಗನ ಪರೀಕ್ಷೆಯ ಪ್ಯಾಡ್ ಅವರ ಕೈಗೆ ಬಿತ್ತು.

ಪ್ಯಾಡಿನ ನಡುವೆ ಒಂದು ಸದ್ದು, ಅಂಚಿಗೆ ಇನ್ನೊಂದು, ಮೇಲಿನ ಕ್ಲಿಪ್ಪು ಅಲುಗಾಡಿ ಗೆಜ್ಜೆಯ ಕೆಲಸ ಬೇರೆ. "ಇದರ ಕಂಠ ಭಾಳ ಚಲೋ ಐತಿ" ಅಂದರು. ಮೊಮ್ಮಗನಿಗೆ ಮಗ್ಗಿ ಬರ್ತಿಲ್ಲ ಅಂತ ನಾನು ಗೊಣಗುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತು. ಹಲಗಿಯ ಮೇಲೆ ಹೇಳಿಸಿದರೆ ತಾನಾಗಿ ಬರ್ತೈತಿ ಅಂತ ಕೂರಿಸಿಕೊಂಡರು. ಹದಿಮೂರ್ ಒಂದ್ಲೆ ಹದಿಮೂರು, ಡಣಕು ಣಕ. ಹದಿಮೂರ್ ಎರಡ್ಲೆ ಇಪ್ಪತ್ತಾರು, ಡಣಕು ಣಕ. ನಿಜ ಹೇಳಬೇಕಂದ್ರೆ ಚೆನ್ನಾಗೇ ಬರುತ್ತಿತ್ತು, ನಾನೂ ರೊಟ್ಟಿ ಬಡಿಯುತ್ತಾ ಅದೇ ಲಯಕ್ಕೆ ಬಿದ್ದಿದ್ದೆ. ಏಳನೆಯದಕ್ಕೆ ಬಂದಾಗ ಗಾಡಿ ಎಡವಿತು. ತೊಂಬತ್ತೊಂದು ಅಂದರೆ ತಾಳಕ್ಕೆ ಉದ್ದ ಆಗ್ತದಂತೆ. ಮುತ್ಯಾ, ಮೊಮ್ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಮುಂದಿನ ಸುತ್ತಿನಿಂದ ಹದಿಮೂರ್ ಏಳ್ಲೆ ತೊಂಬತ್ತು. ಡಣಕು ಣಕ.

"ಮಾವಾರ, ಒಂದು ಬಿಟ್ಟೀರಿ" ಅಂದೆ.

"ಒಂದಕ್ಕ ಏನಾಗತೈತಿ ಬಿಡವಾ, ತಾಳ ತಪ್ಪಬಾರದು."

ಲೆಕ್ಕದಲ್ಲಿ ಇಷ್ಟು ಉದಾರಿಯಾದ ಮನುಷ್ಯ ಒಂದೇ ವಿಷಯದಲ್ಲಿ ದಶಾಂಶವನ್ನೂ ಬಿಡಲ್ಲ. ಆಲಮಟ್ಟಿ ಅಣೆಕಟ್ಟಿನ ನೀರು ಈಗ ನಿಲ್ಲೋದು 519.60 ಮೀಟರ್, ಮುಂದೆ ಏರಿಸೋದು 524.256 ಮೀಟರ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರು ಹಲಗಿ ಕಲಿತ ಮನೆ, ಹುಲ್ಲು ಉರಿ ಮಾಡಿ ಹಲಗಿ ಕಾಸುತ್ತಿದ್ದ ಅಂಗಳ ಎಲ್ಲ ಹಿನ್ನೀರಿಗೆ ಹೋದವು. ನವನಗರದಲ್ಲಿ ಸೈಟು ಸಿಕ್ಕಿತು, ಅಗಲ ರಸ್ತೆ ಸಿಕ್ಕಿತು. ಹೋಳಿ ಬಂದರೆ ಈಗಲೂ ಹಳೇ ಊರಿಗೆ ಹೋಗುತ್ತಾರೆ, ತಮ್ಮ ಓಣಿಯ ಮೇಳ ಹುಡುಕಿಕೊಂಡು. ಹೋದವರಲ್ಲಿ ಅರ್ಧ ಜನ ನವನಗರದಿಂದಲೇ ಬಂದವರಂತೆ. ಆ ಮೀಟರಿನ ಮಾತು ಬಂದಾಗ ಮಾತ್ರ ಅವರ ಬೆರಳು ಸುಮ್ಮನಿರುತ್ತವೆ. ಆಗ ನಾನೂ ಡಬ್ಬಿ ಸರಿಸಿ ಹತ್ತಿರ ಇಟ್ಟು ಬರುತ್ತೇನೆ.

ಪರೀಕ್ಷೆ ಮುಗೀತು. ನಿನ್ನೆ ಶಾಲೆಯಿಂದ ಫೋನು. ಉತ್ತರ ಪತ್ರಿಕೆಯ ತುಂಬಾ ಗುಲಾಬಿ ಹೆಬ್ಬೆಟ್ಟು. ಪರೀಕ್ಷೆ ನಡೆದಾಗ ಹುಡುಗ ಬೆಂಚು ಬಾರಿಸಿದ, ಅವನ ಹಿಂದಿನ ಸಾಲಿನವರೂ ಸೇರಿಕೊಂಡರು. ಮೇಲಾಗಿ ಹದಿಮೂರ್ ಏಳ್ಲೆ ತೊಂಬತ್ತು. ದೊಡ್ಡವರು ಯಾರಾದರೂ ಬಂದು ಹೋಗಬೇಕಂತೆ. ನನಗೂ ಸಿಟ್ಟು ಬಂದಿತ್ತು. ಗುರುಗಳನ್ನೇ ಕಳಿಸೋಣ ಅಂತ ಮಾವನವರನ್ನು ಕಳಿಸಿದೆ.

ಹತ್ತು ಗಂಟೆಗೆ ಹೋದವರು ಊಟದ ಹೊತ್ತು ಮೀರಿದ ಮೇಲೆ ಬಂದರು, ಮುಖ ತುಂಬಾ ನಗು. ಮೇಡಂ ಕಿಲ್ಲಾದವರಂತೆ. ಅವರ ಅಪ್ಪ ಇವರ ಜೊತೆ ಬಂಡಿ ಹತ್ತಿದವರಂತೆ.

"ಗಣಿತದಾಗ ಎಷ್ಟು ಬಂದಾವ್ರಿ ಮಾವಾರ?"

"ಅದೊಂದ ಕೇಳೂದು ಮರತೆ ನೋಡವಾ. ಆದರ ಹುಡುಗಂದು ತಪ್ಪಿಲ್ಲ, ತಾಳದಾಗ ತೊಂಬತ್ತೊಂದು ಕೂಡೂದಿಲ್ಲ ಅಂತ ಬಾರಿಸಿ ತೋರಿಸಿ ಬಂದೆ."

"ಎಲ್ಲಿ ಬಾರಿಸಿದ್ರಿ?"

"ಹೆಡ್ ಮಾಸ್ತರ ಟೇಬಲ್ ಮ್ಯಾಲ. ಸಾಗವಾನಿ ಐತಿ ಯವ್ವಾ. ನಮ್ಮ ಡಬ್ಬಿ ಏನೂ ಅಲ್ಲ ಅದರ ಮುಂದ."