ದುಡ್ಡು ವಾಪಸ್ ಬಂದರೆ ಸಾಕೇ?

ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಕೊಂಡು ಕೈ ಸುಟ್ಟುಕೊಂಡವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ದುಡ್ಡು ವಾಪಸ್ ಕೇಳಿ. ಕೇಳಲೇಬೇಕು, ಬಿಡಬಾರದು. ಆದರೆ ನಮ್ಮ ಕಸುಬಿನಲ್ಲಿ ಅದು ಅರ್ಧ ನ್ಯಾಯ ಮಾತ್ರ. ಆಪಲ್‌ನ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ ನಂಬಿ ಅನ್ನ ತಿನ್ನುತ್ತಿದ್ದವರಿಗೆ 2011ರಲ್ಲೇ ಇದು ಅರ್ಥವಾಗಿತ್ತು.

ಆ ವರ್ಷ ಜೂನ್ 21ರಂದು ಆಪಲ್ ಅದರ ಹೊಸ ಆವೃತ್ತಿ ಫೈನಲ್ ಕಟ್ ಪ್ರೊ ಟೆನ್ ಬಿಡುಗಡೆ ಮಾಡಿತು. ಬೆಲೆ 299.99 ಡಾಲರ್. ಅಗ್ಗವಾಯಿತೆಂದು ಹಿಗ್ಗಿದವರು ತೆರೆದು ನೋಡಿದರೆ, ಹಿಂದಿನ ಏಳನೆಯ ಆವೃತ್ತಿಯ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯುವುದೇ ಇಲ್ಲ. ಮಲ್ಟಿಕ್ಯಾಮ್ ಇಲ್ಲ. ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ಇದರ ಬಿಸಿ ವಿವರಿಸಬೇಕಿಲ್ಲ. ಧಾರೆಯ ಹೊತ್ತಿನಲ್ಲಿ ಒಂದು ಕ್ಯಾಮೆರಾ ವಧುವಿನ ಮುಖದ ಮೇಲೆ, ಇನ್ನೊಂದು ನೀರು ಬೀಳುವ ಕೈಗಳ ಮೇಲೆ, ಮೂರನೆಯದು ಅಕ್ಷತೆ ಹಿಡಿದು ನಿಂತ ನೆಂಟರ ಮೇಲೆ. ಮೂರನ್ನೂ ಗಟ್ಟಿಮೇಳದ ಸದ್ದಿಗೆ ಹೊಂದಿಸಿ, ಒಟ್ಟಿಗೆ ಓಡಿಸಿ, ಬೇಕಾದಲ್ಲಿ ಬದಲಿಸುವುದೇ ಮಲ್ಟಿಕ್ಯಾಮ್. ಅದಿಲ್ಲದೆ ‘ಪ್ರೊ’ ಎಂಬ ಹೆಸರೇಕೆ?

ಎಡಿಟ್ ಆದ ಧ್ವನಿಯನ್ನು ಬೇರೆ ಸಾಫ್ಟ್‌ವೇರ್‌ಗೆ ಒಯ್ಯುವ ಒಎಂಎಫ್ ಫೈಲನ್ನು ಸೌಂಡ್ ಮಿಕ್ಸಿಂಗ್‌ಗೆ ಕಳಿಸಬೇಕೆಂದರೆ ಆಟೋಮ್ಯಾಟಿಕ್ ಡಕ್ ಎಂಬ ಬೇರೆ ಕಂಪನಿಯ ಪ್ಲಗಿನ್ ಕೊಳ್ಳಬೇಕಿತ್ತು. ಅದರ ಬೆಲೆ 495 ಡಾಲರ್! ಮೂಗಿಗಿಂತ ಮೂಗುತಿ ಭಾರ.

ಗಲಾಟೆ ಜೋರಾದಾಗ, ದೂರು ಕೊಟ್ಟ ಹಲವರಿಗೆ ಆಪಲ್ ಹಣ ಹಿಂದಿರುಗಿಸಿತು. ಒಳ್ಳೆಯದೇ. ಆದರೆ ಹೊಸದು ಬಂದ ದಿನವೇ ಹಳೆಯದರ ಮಾರಾಟ ನಿಂತಿತ್ತು. ಇಬ್ಬರು ಹೊಸ ಎಡಿಟರ್‌ಗಳನ್ನು ಸೇರಿಸಿಕೊಂಡ ಸ್ಟುಡಿಯೊ ಅವರಿಗೆ ಯಾವ ಸಾಫ್ಟ್‌ವೇರ್ ಕೊಡಬೇಕು? ನನ್ನ ಲೆಕ್ಕದಲ್ಲಿ ಸಿಟ್ಟಿನ ನಿಜವಾದ ಕಾರಣ ಇದು, 299 ಡಾಲರ್ ಅಲ್ಲ. ಹಳೆಯ ಆವೃತ್ತಿಯನ್ನು ಆಪಲ್ ಮುಂದೆ ಫೋನ್ ಮೂಲಕ ಮತ್ತೆ ಮಾರತೊಡಗಿತು. ಸೆಪ್ಟೆಂಬರ್‌ನಲ್ಲಿ 30 ದಿನಗಳ ಉಚಿತ ಪ್ರಯೋಗದ ಅವಕಾಶ ಬಂತು, 2012ರ ಜನವರಿಯಲ್ಲಿ ಮಲ್ಟಿಕ್ಯಾಮ್ ಬಂತು. ಮೊದಲೇ ಕೊಡಬೇಕಾದ್ದನ್ನು ಬೈಸಿಕೊಂಡ ಮೇಲೆ ಕೊಟ್ಟರು. ಅಷ್ಟರಲ್ಲಿ ಎಷ್ಟೋ ಮಂದಿ ಪ್ರೀಮಿಯರ್, ಅವಿಡ್‌ನಂಥ ಪ್ರತಿಸ್ಪರ್ಧಿ ಸಾಫ್ಟ್‌ವೇರ್‌ಗಳಿಗೆ ಹೊರಟುಹೋಗಿದ್ದರು. ಇಂದಿನ ಫೈನಲ್ ಕಟ್ ಒಳ್ಳೆಯ ಸಾಧನ ಎಂಬುದು ಬೇರೆ ಮಾತು.

ಈಗ ತಿಂಗಳ ಚಂದಾ ಕಾಲ. ಹಣ ಕಟ್ಟುವುದು ನಿಂತ ದಿನ ಸಾಫ್ಟ್‌ವೇರ್ ಬಾಗಿಲು ಹಾಕಿಕೊಳ್ಳುತ್ತದೆ, ನಮ್ಮ ಪ್ರಾಜೆಕ್ಟ್‌ಗಳು ಒಳಗೇ ಉಳಿಯುತ್ತವೆ. ಆದ್ದರಿಂದ ರೀಫಂಡ್ ಅವಧಿ ಮುಗಿಯುವ ಮುನ್ನವೇ ನಿಮ್ಮ ಅತ್ಯಂತ ಭಾರದ ಹಳೆಯ ಕೆಲಸವೊಂದನ್ನು ಅದರಲ್ಲಿ ಹಾಕಿ, ಕೊನೆಯ ಎಕ್ಸ್‌ಪೋರ್ಟ್‌ವರೆಗೂ ಮಾಡಿ ನೋಡಿ. ಕಂಪನಿಯೇ ಕೊಡುವ ಚೆಂದದ ಮಾದರಿ ಕ್ಲಿಪ್‌ಗಳಲ್ಲಿ ಯಾವ ದೋಷವೂ ಕಾಣುವುದಿಲ್ಲ.

ಇನ್ನೊಂದು ಮಾತು. ‘ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ಗ್ರಾಹಕರಲ್ಲ’ ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಸುಮ್ಮನಾಗಬೇಡಿ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಒಬ್ಬರೇ ಕುಳಿತು ಮದುವೆ ಎಡಿಟ್ ಮಾಡುವವರು ಅದರೊಳಗೇ ಬರುತ್ತಾರೆ. ಬಿಲ್ಲು, ದೋಷ ಕಾಣುವ ಸ್ಕ್ರೀನ್‌ಶಾಟ್, ಕಂಪನಿಗೆ ಬರೆದ ಇಮೇಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.