ಸತ್ಯಾಂಶ: ‘ಕೋಚಿಂಗ್’ ಪದ ರೈಲು ಬೋಗಿಯಿಂದ ಬಂದದ್ದಲ್ಲ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿಇಟಿ, ನೀಟ್ ತರಬೇತಿಯ ಫಲಕಗಳನ್ನು ದಿನವೂ ನೋಡುವವರ ವಾಟ್ಸಾಪ್ ಗುಂಪುಗಳಲ್ಲಿ, ರೈಲಿನ ಬೋಗಿಗೆ ಕೋಚ್ ಎನ್ನುವುದರಿಂದಲೇ ಪಾಠ ಹೇಳುವುದಕ್ಕೆ ಕೋಚಿಂಗ್ ಎಂಬ ಹೆಸರು ಬಂತೆಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ಸರಿಯಲ್ಲ. ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ಓಡಾಡುವ ಊರಿನವರಿಗೆ ಅದು ಸಹಜವೆನಿಸಿದರೆ ಆಶ್ಚರ್ಯವೇನೂ ಇಲ್ಲ.

ಪದದ ಮೂಲ ಹಂಗೇರಿಯ ಕೋಚ್ ಎಂಬ ಹಳ್ಳಿ. ಅಲ್ಲಿ 15ನೇ ಶತಮಾನದಲ್ಲಿ ತಯಾರಾಗುತ್ತಿದ್ದ ಹಗುರವಾದ, ವೇಗದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡಿತು. ಗಾಡಿಯ ಜೊತೆಗೆ ಹೆಸರೂ ಯುರೋಪಿನ ಹಲವು ಭಾಷೆಗಳಿಗೆ ಹರಡಿ, 16ನೇ ಶತಮಾನದ ಮಧ್ಯದ ವೇಳೆಗೆ, ಅಂದರೆ ಪ್ರಯಾಣಿಕರ ರೈಲು ಓಡುವುದಕ್ಕೆ ಇನ್ನೂರೈವತ್ತು ವರ್ಷಗಳಿಗೂ ಮೊದಲೇ, ಇಂಗ್ಲಿಷಿಗೆ ಬಂದಿತ್ತು. ನಾವು ಸಾರೋಟು ಎನ್ನುವ ಬಗೆಯ ಗಾಡಿ ಅದು. ರೈಲು ಬೋಗಿ ಆ ಹೆಸರನ್ನು ಎರವಲು ಪಡೆದದ್ದು ಅನಂತರ.

ಸುಮಾರು 1830ರಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಗಾಡಿ ಪ್ರಯಾಣಿಕನನ್ನು ಊರು ತಲುಪಿಸುವಂತೆ ತಮ್ಮನ್ನು ಪರೀಕ್ಷೆ ದಾಟಿಸುವ ಖಾಸಗಿ ಶಿಕ್ಷಕನನ್ನು ಆಡುಮಾತಿನಲ್ಲಿ ಕೋಚ್ ಎಂದು ಕರೆಯತೊಡಗಿದರು. ಕ್ರೀಡಾ ತರಬೇತುದಾರನಿಗೆ ಆ ಹೆಸರು ಸಂದದ್ದು ಇನ್ನೂ ತಡವಾಗಿ, 1860ರ ದಶಕದಲ್ಲಿ.