ಸತ್ಯಾಂಶ: ‘ವಕ್ರಿ’ ಆದ ಬುಧ ನಿಜಕ್ಕೂ ಹಿಂದಕ್ಕೆ ಓಡುತ್ತಾನಾ?

“ಬುಧ ವಕ್ರಿಯಾಗಿದ್ದಾನೆ. ಗ್ರಹ ಹಿಂದಕ್ಕೆ ತಿರುಗಿದೆ. ಮೂರು ವಾರ ಹೊಸ ಫೋನ್ ಕೊಳ್ಳಬೇಡಿ.” ಈ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಓದಿ ಸುಮ್ನೆ ಹೆದರಬೇಡಿ. ಬುಧ ಎಂದೂ ಹಿಂದಕ್ಕೆ ತಿರುಗುವುದಿಲ್ಲ. 88 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಾ ಒಂದೇ ದಿಕ್ಕಿನಲ್ಲಿ ಸಾಗುತ್ತಾನೆ. ನಮಗೂ ಸೂರ್ಯನಿಗೂ ನಡುವೆ ಹಾದು, ಭೂಮಿಯನ್ನು ಹಿಂದೆ ಹಾಕುವಾಗ ಮಾತ್ರ ನಮ್ಮ ಕಣ್ಣಿಗೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ವರ್ಷಕ್ಕೆ ಮೂರ್ನಾಲ್ಕು ಸಲ, ಸುಮಾರು ಮೂರು ವಾರ.

ಮಂಗಳನೂ ಹೀಗೆ ವಕ್ರಿಯಾದಂತೆ ಕಾಣುತ್ತಾನೆ; ಅದನ್ನು ಅರ್ಥಮಾಡಿಕೊಳ್ಳುವುದು ಇನ್ನೂ ಸುಲಭ. ನಮ್ಮ ಬಸ್ಸು ಪಕ್ಕದ ಲಾರಿಯನ್ನು ಓವರ್‌ಟೇಕ್ ಮಾಡುವಾಗ ಲಾರಿ ಹಿಂದಕ್ಕೆ ಹೋದಂತೆ ಕಾಣುತ್ತದೆ, ಅಲ್ವಾ? ಅಲ್ಲಿ ಬಸ್ಸು ನಮ್ಮ ಭೂಮಿ, ಲಾರಿ ಮಂಗಳ.

ಹೆದರಿಕೆ ಹುಟ್ಟಿಸುವುದು ಜಾಸ್ತಿ ‘ವಕ್ರಿ’ ಎಂಬ ಆ ಪದವೇ. ಸಂಸ್ಕೃತದ ‘ವಕ್ರ’ ಎಂದರೆ ಡೊಂಕು, ಬಾಗಿದ್ದು, ಅಷ್ಟೇ. ಆಕಾಶದಲ್ಲಿ ಗ್ರಹದ ದಾರಿ ಬಾಗಿ ಕುಣಿಕೆಯಂತೆ ಕಾಣುತ್ತದೆ. ನಮ್ಮ ಪ್ರಾಚೀನ ಖಗೋಳ ಗ್ರಂಥ ಸೂರ್ಯಸಿದ್ಧಾಂತ ಗ್ರಹಗಳಿಗೆ ಎಂಟು ಬಗೆಯ ಗತಿ ಹೇಳುತ್ತದೆ. ಮಂದ, ಸಮ, ಶೀಘ್ರ ಇದ್ದ ಹಾಗೆ ವಕ್ರವೂ ಒಂದು. ಎಷ್ಟು ಚೆನ್ನಾಗಿ ಗಮನಿಸಿ ಇಟ್ಟ ಹೆಸರು! ಇದಕ್ಕೆ ಇಂಗ್ಲಿಷಿನಲ್ಲಿರುವ ‘ರೆಟ್ರೋಗ್ರೇಡ್’ ಎಂಬ ಪದ ಲ್ಯಾಟಿನ್‌ನಿಂದ ಬಂದದ್ದು: ‘ರೆಟ್ರೋ’ ಎಂದರೆ ಹಿಂದಕ್ಕೆ, ‘ಗ್ರಾದಿ’ ಎಂದರೆ ಹೆಜ್ಜೆ ಹಾಕುವುದು.

ಫೋನ್ ಬೇಕಿದ್ದರೆ ಈ ವಾರವೇ ಕೊಳ್ಳಿ.